ನಡುಗಡ್ಡೆಯಲ್ಲಿ ಆರಿದ ಹುಗ್ಗಿ

ನನ್ನ ಮೊಮ್ಮಗಳು ಮೆಡಿಟರೇನಿಯನ್ ಸಮುದ್ರದ ಯಾವುದೋ ದ್ವೀಪಕ್ಕೆ ಹೋಗಿ ಬಂದು ಫೋಟೋ ತೋರಿಸಿದಳು. ಗುಡ್ಡ ಹತ್ತಿದರಂತೆ, ನೀಲಿ ನೀರಿನಲ್ಲಿ ಈಜಿದರಂತೆ, ಹೊಟ್ಟೆ ಬಿರಿಯುವಷ್ಟು ತಿಂದರಂತೆ. ‘ಇಂಥದ್ದೆಲ್ಲ ನಿಮ್ಮ ಕಾಲದಲ್ಲಿ ಎಲ್ಲಿತ್ತು ಬಿಡಿ ಅಜ್ಜಿ’ ಎಂದಳು. ನನಗೆ ರೇಗಿತು. ನಾನೂ ದ್ವೀಪಕ್ಕೆ ಹೋದವಳೇ. ಗುಡ್ಡ ಹತ್ತಿದ್ದೇನೆ, ಈಜಿದ್ದೇನೆ, ಉಂಡೂ ಇದ್ದೇನೆ. ಹೇಗೆ ಉಂಡೆ ಎಂಬುದೇ ಒಂದು ಕಥೆ. ನಮ್ಮ ಕಡೆ ಅದನ್ನು ದ್ವೀಪ ಎನ್ನುವುದಿಲ್ಲ, ನಡುಗಡ್ಡೆ ಎನ್ನುತ್ತೇವೆ, ಅಷ್ಟೇ ವ್ಯತ್ಯಾಸ.

ಆಗ ಎರಡನೇ ಮಹಾಯುದ್ಧ ನಡೆದಿತ್ತು. ನನಗೆ ಮದುವೆಯಾಗಿ ಒಂದು ವರ್ಷವಾಗಿತ್ತು. ಹೊನ್ನಾಳಿ ಸೀಮೆಯಲ್ಲಿ, ಸಾಸ್ವೆಹಳ್ಳಿಗೆ ಸಮೀಪ, ತುಂಗಭದ್ರೆಯ ದಂಡೆಯ ಮೇಲೆ ಹುಟ್ಟಿ ಬೆಳೆದವಳನ್ನು ಜಗಳೂರಿಗೆ ಕೊಟ್ಟರು. ಗಂಡ ಒಳ್ಳೆಯವನು, ಹೊಲ ಒಳ್ಳೆಯದು ಎಂದೆಲ್ಲ ಅಪ್ಪ ವಿಚಾರಿಸಿದ್ದ. ನೀರು ಎಷ್ಟಿದೆ ಎಂದು ಮಾತ್ರ ಕೇಳಿರಲಿಲ್ಲ. ಜಗಳೂರಿನ ಮನೆಯಲ್ಲಿ ಮುಖ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದ ನೀರು ದನಕ್ಕೆ. ತಲೆಗೆ ಎರೆದುಕೊಳ್ಳುವ ದಿನ ಅತ್ತೆ ಬಚ್ಚಲ ಬಾಗಿಲಲ್ಲೇ ನಿಂತು ತಂಬಿಗೆಯ ಸದ್ದು ಕೇಳಿಸಿಕೊಳ್ಳುತ್ತಿದ್ದರು. ಹೊಳೆಯಲ್ಲಿ ಮೀನಿನ ಹಾಗೆ ಬಿದ್ದಿರುತ್ತಿದ್ದ ನನಗೆ ಆ ಮನೆಯಲ್ಲಿ ಮೈ ಒಣಗಿ ಹಪ್ಪಳವಾದಂತೆ ಅನ್ನಿಸುತ್ತಿತ್ತು. ಆಷಾಢಕ್ಕೆ ತವರಿಗೆ ಒಮ್ಮೆ ಬಂದಿದ್ದೆ, ನಿಜ. ಆಗ ಹೊಳೆ ಎರಡೂ ದಂಡೆ ತುಂಬಿ ಕೆಂಪಗೆ ಭೋರ್ಗರೆಯುತ್ತಿತ್ತು. ಕಾಲು ಅದ್ದುವುದಕ್ಕೂ ಆಗದೆ ವಾಪಸು ಹೋಗಿದ್ದೆ.

ಹಾಗಾಗಿ ಬೇಸಿಗೆಗೆ ಕಳಿಸಿ ಎಂದು ಅತ್ತೆಯ ಬೆನ್ನು ಬಿದ್ದೆ. ಅವರು ಕೆಟ್ಟವರಲ್ಲ. ಆದರೆ ಹೊಳೆ ಎಂದರೆ ಅವರಿಗೆ ಆಗದು. ಅವರ ಸ್ವಂತ ಅಣ್ಣ ಹರಿಹರದಲ್ಲಿ ಸ್ನಾನಕ್ಕೆ ಇಳಿದವನು ಮೇಲೆ ಬರಲಿಲ್ಲವಂತೆ. ಕೊನೆಗೆ ಮಗನನ್ನೂ ಜೊತೆಗೆ ಮಾಡಿ ಕಳಿಸಿದರು. ಕಳಿಸುವಾಗ ಹೊಸ್ತಿಲ ಮೇಲೆ ನಿಂತು ನನಗೆ ಹೇಳಿದರು: “ನನ್ ಮಗನ್ನ ಹೆಂಗೆ ಕಳಿಸ್ತಿದೀನೋ ಹಂಗೇ ಕರ್ಕಂಡು ಬರ್ಬೇಕು. ಏನಾರ ಹೆಚ್ಚುಕಡಿಮೆ ಆತು ಅಂದ್ರೆ, ಇನ್ ಮ್ಯಾಲೆ ಆ ಹೊಳೆ ಕಡೆ ನೀನು ಮುಖ ಹಾಕಂಗಿಲ್ಲ, ಈಗ್ಲೇ ಹೇಳೀನಿ.”

ಹೂಂ ಎಂದೆ. ಹೊಳೆಗೆ ಹೋಗಲು ಆಗ ಏನು ಕೇಳಿದ್ದರೂ ಹೂಂ ಎನ್ನುತ್ತಿದ್ದೆ.

ಪೆಟ್ರೋಲಿಗೆ ಬರವಿದ್ದ ಕಾಲ, ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ದೊಡ್ಡ ಮಾತು. ಏರು ಬಂದಾಗಲೆಲ್ಲ ಗಂಡಸರು ಇಳಿದು ನೂಕಬೇಕಿತ್ತು. ದಾವಣಗೆರೆಯವರೆಗೆ ನೂಕಿ, ಅಲ್ಲಿಂದ ಹೊನ್ನಾಳಿಯವರೆಗೆ ನೂಕಿ, ನಮ್ಮ ಯಜಮಾನರು ಅಪ್ಪನ ಗಾಡಿ ಹತ್ತುವ ಹೊತ್ತಿಗೆ ಮಸಿ ಮೆತ್ತಿಕೊಂಡು ಕುಲುಮೆಯಿಂದ ಎದ್ದು ಬಂದಂತೆ ಇದ್ದರು. ದಾರಿಯುದ್ದಕ್ಕೂ ನನ್ನ ಜೊತೆ ಆಡಿದ್ದು ನಾಲ್ಕು ಮಾತು. ಮಾತಿಗೆ ಕಂದಾಯ ಕಟ್ಟಬೇಕೇನೋ ಎನ್ನುವಂಥ ಮನುಷ್ಯ. ವರ್ಷ ಕಳೆದರೂ ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಾಗಿರಲಿಲ್ಲ. ಗೊತ್ತಿದ್ದದ್ದು ಒಂದೇ: ಕೊರಳಲ್ಲಿದ್ದ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಒಂದು ಗುಟುಕು ನೀರೂ ಕುಡಿಯುವವರಲ್ಲ.

ಅಳಿಯ ಬಂದನೆಂದು ಅಪ್ಪನಿಗೆ ಕಾಲು ನಿಲ್ಲಲಿಲ್ಲ. ಊರಿನಿಂದ ಹೊಳೆ ಗುಂಟ ಬೆಳಿಗ್ಗೆ ಹೊರಟರೆ ಬಿಸಿಲೇರುವ ಮುಂಚೆ ಮುಟ್ಟಬಹುದಾದ ಒಂದು ನಡುಗಡ್ಡೆ ಇತ್ತು. ಬೇಸಿಗೆಯಲ್ಲಿ ಅಪ್ಪ ಅಲ್ಲಿನ ಮರಳಿನಲ್ಲಿ ಸೌತೆ, ಕಲ್ಲಂಗಡಿ ಹಾಕುತ್ತಿದ್ದ. ಕಾಯಲು ಒಂದು ಗುಡಿಸಲು, ಎರಡು ಹೊಳೆಮತ್ತಿ ಮರ. ವರ್ಷಕ್ಕೊಮ್ಮೆ ಮನೆಯವರೆಲ್ಲ ಹೋಗಿ, ಅಲ್ಲೇ ಅಡುಗೆ ಮಾಡಿ, ಒಂದು ರಾತ್ರಿ ಮಲಗಿ ಬರುವುದು ನಮ್ಮ ಮನೆಯ ರೂಢಿ. “ಅಳಿಯಂದ್ರಿಗೆ ನಮ್ ಗಡ್ಡೆ ತೋರಿಸ್ಬೇಕು” ಎಂದು ಅಪ್ಪ ನಿಂತ ಕಾಲಲ್ಲೇ ತೀರ್ಮಾನಿಸಿದ. ನ್ಯಾಮತಿ ಸಂತೆಯಿಂದ ಒಳ್ಳೆ ಬೆಲ್ಲ ತಂದ. ಸಕ್ಕರೆ ಕಣ್ಣಿಗೆ ಬೀಳದ ಕಾಲ ಅದು. ಅವ್ವ ಗೋಧಿ ಕುಟ್ಟಿ ಹುಗ್ಗಿಗೆ ಸಿದ್ಧ ಮಾಡಿದಳು. ಆಮೇಲೆ ನನ್ನನ್ನು ಒಳಕ್ಕೆ ಕರೆದಳು.

“ಅಲ್ಲಿ ನೀರಿಗೆ ಬೀಳಾಕೆ ಹೋಗಬ್ಯಾಡ. ಗಂಡನ ಮುಂದೆ ಹೆಣ್ಣುಮಗಳು ಕಚ್ಚೆ ಹಾಕ್ಕಂಡು ಈಜಾಡಿದ್ಲು ಅಂದ್ರೆ ಅವರ ಮನಿಯಾಗೆ ಏನಂದ್ಕಂಡಾರು?”

“ನಾನು ಬಂದಿದ್ದೇ ಅದಕ್ಕೆ.”

“ಬಂದಿದ್ದು ನಮ್ಮನ್ನ ನೋಡಾಕೆ ಅಂತ ನಾನು ತಿಳಿದಿದ್ದೆ” ಎಂದಳು ಅವ್ವ. ನಾನು ಮೊರ ಎಳೆದುಕೊಂಡು ಗೋಧಿ ಕೇರತೊಡಗಿದೆ, ಬೇಕಿದ್ದಕ್ಕಿಂತ ಜೋರಾಗಿ.

ನಾವು ನಾಲ್ವರೂ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ದಾರಿಯಲ್ಲಿ ಹೊಳೆ ಬಳಸಿ ಹೋಗುವ ಜಾಗದಲ್ಲಿ ಒಂದು ಕಲ್ಲುಗುಡ್ಡ. ಬಳಸುವ ಬದಲು ಹತ್ತಿ ಇಳಿದರೆ ಹತ್ತಿರ. ಬುತ್ತಿ, ಪಾತ್ರೆಗಳ ಗಂಟನ್ನೆಲ್ಲ ಯಜಮಾನರೇ ಹೆಗಲಿಗೇರಿಸಿಕೊಂಡು ಹತ್ತಿದರು. ಜಗಳೂರಿನ ಕಾಲು, ಕಲ್ಲಿಗೆ ಹೆದರುವುದಲ್ಲ. ಗುಡ್ಡದ ನೆತ್ತಿಗೆ ಹೋದವರು ತಟ್ಟನೆ ನಿಂತುಬಿಟ್ಟರು. ಕೆಳಗೆ ಹೊಳೆ ಬಂಡೆಗಳ ನಡುವೆ ಸೀಳಿಕೊಂಡು ಬೆಳ್ಳಗೆ ಹರಿಯುತ್ತಿತ್ತು.

“ಇದು ಬ್ಯಾಸಿಗಿ ನೀರಾ?” ಎಂದು ಕೇಳಿದರು.

“ಇದು ಬತ್ತಿರೋದ್ರೀ ಅಳಿಯಂದ್ರೇ” ಎಂದ ಅಪ್ಪ, ಹೊಳೆಯನ್ನು ತಾನೇ ತೋಡಿಸಿದವನ ಹಾಗೆ.

ಹರಿಗೋಲಿನಲ್ಲಿ ಕೂತು ದಾಟುವಾಗ ಯಜಮಾನರು ಬೊಗಸೆ ತುಂಬ ನೀರು ಎತ್ತಿ ಸುಮ್ಮನೆ ನೋಡಿದರು. ಹೊಳೆಗೇ ಮತ್ತೆ ಬಿಡುವಾಗಲೂ ಚೆಲ್ಲದೆ, ನಿಧಾನವಾಗಿ ಕೈ ಇಳಿಸಿ ಬಿಟ್ಟರು. ನನಗೆ ನಗು ಬಂತು, ಹಿಂದೆಯೇ ಏನೋ ಕನಿಕರವೂ ಬಂತು. ಅಂಬಿಗ ನಮ್ಮನ್ನು ಇಳಿಸಿ, ನಾಳೆ ಬರುತ್ತೇನೆಂದು ಹೇಳಿ ಊರ ಕಡೆ ಹುಟ್ಟು ಹಾಕಿದ.

ಗಡ್ಡೆಯಲ್ಲಿ ಅವ್ವ ಮೂರು ಕಲ್ಲು ಹೂಡಿ ಹುಗ್ಗಿಗೆ ಇಟ್ಟಳು. ನಾನು ರೊಟ್ಟಿ ತಟ್ಟಲು ಕೂತೆ. ಅಪ್ಪ ಗುಡಿಸಲಿನ ಸೂರಿನಿಂದ ಒಣಗಿದ ಸೋರೆಬುರುಡೆಗಳನ್ನು ಇಳಿಸಿದ. ನಮ್ಮ ಕಡೆ ಮಕ್ಕಳೆಲ್ಲ ಈಜು ಕಲಿಯುವುದು ಅದರಲ್ಲೇ. ಬೀಜ ತೆಗೆದು ಬಾಯಿ ಮುಚ್ಚಿದ ಎರಡು ದಪ್ಪ ಬುರುಡೆಗಳನ್ನು ಹಗ್ಗದಲ್ಲಿ ಜೋಡಿಸಿ ಬೆನ್ನಿಗೆ ಕಟ್ಟಿದರೆ ಮುಳುಗಬೇಕೆಂದರೂ ಮುಳುಗಲು ಬಿಡುವುದಿಲ್ಲ. ಅಪ್ಪ ಅವನ್ನು ಅಳಿಯನ ಬೆನ್ನಿಗೆ ಕಟ್ಟಿ, ಎದೆಯ ಮೇಲೆ ಹಗ್ಗ ಬಿಗಿದು, ನೀರಿಗಿಳಿಸಿದ. ನಾನು ರೊಟ್ಟಿ ತಟ್ಟುತ್ತ ಕಳ್ಳಗಣ್ಣಿನಲ್ಲಿ ನೋಡುತ್ತಿದ್ದೆ. ಮೊದಲು ಮೂಗಿಗೆ ನೀರು ಹತ್ತಿ ಕೆಮ್ಮಿದರು, ಅಪ್ಪನ ಕುತ್ತಿಗೆಗೆ ಜೋತು ಬಿದ್ದರು. ಆಮೇಲೆ ಕೈಕಾಲು ಬಡಿಯುವುದು ಹತ್ತಿತು. ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ಮುಟ್ಟಿದವರೇ ಗಟ್ಟಿಯಾಗಿ ನಕ್ಕರು. ಆ ನಗು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಕೇಳಿ ಖುಷಿಯಾಯಿತು, ಸಿಟ್ಟೂ ಬಂತು. ಹೊಳೆ ನನ್ನದು, ಈಜುವವರು ಅವರು, ರೊಟ್ಟಿ ಸುಡುವವಳು ನಾನು. ಒಂದು ರೊಟ್ಟಿ ಸೀದೂ ಹೋಯಿತು.

ನೆತ್ತಿಯ ಮೇಲೆ ಬಿಸಿಲು ಬಂದಾಗ ಇಬ್ಬರೂ ಮೇಲೆ ಬಂದರು. ಅಪ್ಪ ಬುರುಡೆ ಬಿಚ್ಚಿ, ಹಗ್ಗದ ಸಮೇತ ಮರದ ಕೊಂಬೆಗೆ ಎಸೆದು ನೇತುಹಾಕಿದ. ಮುತ್ತುಗದ ಎಲೆ ಹಾಕಿದೆವು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಆಗಷ್ಟೇ ಕಿತ್ತ ಎಳೆ ಸೌತೆಕಾಯಿ, ಹೊಗೆಯಾಡುವ ಹುಗ್ಗಿ. ಯಜಮಾನರು ಒದ್ದೆ ಪಂಚೆ ಬದಲಿಸಿ, ವಿಭೂತಿ ಧರಿಸಿ, ಪೂಜೆಗೆ ಕೂತು ಕೊರಳಿಗೆ ಕೈ ಹಾಕಿದರು.

ಕೈ ಅಲ್ಲೇ ನಿಂತಿತು. ಎದೆ ಸವರಿಕೊಂಡರು, ಬೆನ್ನು ಸವರಿಕೊಂಡರು. ಬಿಚ್ಚಿದ ಪಂಚೆ ಕೊಡವಿದರು. ಲಿಂಗ ಇರಲಿಲ್ಲ. ಅದನ್ನು ಕಟ್ಟಿದ್ದ ಬಟ್ಟೆಯೂ ಇಲ್ಲ, ಶಿವದಾರವೂ ಇಲ್ಲ.

ಅಪ್ಪ ತಲೆ ತಲೆ ಚಚ್ಚಿಕೊಂಡ. “ರಟ್ಟಿಗೆ ಕಟ್ಕಳ್ರಿ ಅಂತ ಹೇಳಾದೇ ಮರ್ತೆನಲ್ಲಪ್ಪೋ!” ಎಂದ. ನಮ್ಮ ಹೊಳೆಸಾಲಿನವರು ನೀರಿಗಿಳಿಯುವ ಮುಂಚೆ ಕೊರಳಿನ ಲಿಂಗವನ್ನು ತೆಗೆದು ರಟ್ಟೆಗೆ ಎರಡು ಗಂಟು ಹಾಕಿ ಬಿಗಿಯಾಗಿ ಕಟ್ಟಿಕೊಳ್ಳುತ್ತಾರೆ. ಹುಟ್ಟಿದ ಮಗುವೂ ಇಲ್ಲಿ ಹಾಗೇ ಮಾಡುತ್ತದೆ. ಹೇಳಿಕೊಡಬೇಕಾದ ವಿಷಯವೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಜಗಳೂರಿನವರಿಗೋ ತಂಬಿಗೆ ನೀರಿನಲ್ಲಿ ಸ್ನಾನ. ತಂಬಿಗೆ ನೀರಿನಲ್ಲಿ ಲಿಂಗ ಎಲ್ಲಿ ತೇಲಿ ಹೋದೀತು?

ಲಿಂಗ ಕಳೆದವನು ಅದು ಸಿಗುವವರೆಗೆ, ಇಲ್ಲವೇ ಮಠದ ಅಯ್ಯನವರು ಹೊಸದು ಕಟ್ಟುವವರೆಗೆ, ಅನ್ನ ನೀರು ಮುಟ್ಟುವಂತಿಲ್ಲ. ಅಂಥವನ ಆಯುಷ್ಯವೂ ಮುಗಿದಂತೆಯೇ ಎಂದು ಹಳಬರು ಆಡಿಕೊಳ್ಳುತ್ತಿದ್ದುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಆ ಮಾತು ಈಗ ನೆನಪಾಯಿತು. ಅತ್ತೆ ಹೊಸ್ತಿಲ ಮೇಲೆ ನಿಂತು ಹೇಳಿದ್ದೂ ಅದರ ಹಿಂದೆಯೇ ಕಿವಿಯಲ್ಲಿ ಮೊಳಗಿತು. ಹೆಂಗೆ ಕಳಿಸಿದ್ದರೋ ಹಂಗೇ ಕರೆದುಕೊಂಡು ಹೋಗುವುದು ಇನ್ನು ಎಲ್ಲಿಯ ಮಾತು.

ಅವರು ಉಣ್ಣದೆ ನಾನು ಉಣ್ಣುವಂತಿಲ್ಲ. ಅಳಿಯ ಉಪವಾಸ ಕೂತಿರುವಾಗ ಅಪ್ಪ ಉಣ್ಣುವಂತಿಲ್ಲ. ಅಪ್ಪ ಉಣ್ಣದೆ ಅವ್ವ ಉಣ್ಣುವವಳಲ್ಲ. ಹುಗ್ಗಿ ಮುಚ್ಚಿಟ್ಟೆವು.

ಅಪ್ಪ ಮತ್ತೆ ನೀರಿಗೆ ಹಾರಿದ. ಅವ್ವ ಮೊಣಕಾಲು ನೀರಿನಲ್ಲಿ ನಿಂತು ಮೊರದಲ್ಲಿ ಮರಳು ತೋಡಿ ತೋಡಿ ಜಾಲಿಸಿದಳು. ಯಜಮಾನರು ಬಂಡೆಗಳ ಸಂದಿಗೆ ಕೈ ಹಾಕಿ ತಡಕಿದರು. ಎರಡು ಬಂಡೆಗಳ ನಡುವೆ ಒಂದು ಮಡುವಿತ್ತು, ಬೇಸಿಗೆಯಲ್ಲೂ ಆಳ. ಅಪ್ಪನಿಗೆ ವಯಸ್ಸಾಗಿತ್ತು, ತಳ ಮುಟ್ಟುವ ಮೊದಲೇ ಉಸಿರು ಕಟ್ಟಿ ಮೇಲೆ ಬರುತ್ತಿದ್ದ. ಮೂರು ನಾಲ್ಕು ಸಲ ಹಾಗಾಗುವುದನ್ನು ನೋಡಿದೆ. ಆಮೇಲೆ ನೋಡಲಾಗಲಿಲ್ಲ. ಸೀರೆ ಎತ್ತಿ ಕಚ್ಚೆ ಬಿಗಿದೆ. ನನ್ನ ಲಿಂಗವನ್ನು ರಟ್ಟೆಗೆ ಕಟ್ಟಿದೆ. ಅವ್ವ “ಏಯ್” ಎಂದಳು. ಅಷ್ಟರಲ್ಲಿ ನಾನು ಬಂಡೆಯ ಮೇಲಿಂದ ತಲೆಕೆಳಗಾಗಿ ಮಡುವಿಗೆ ಬಿದ್ದಿದ್ದೆ.

ವರ್ಷದ ಮೇಲೆ ನೀರು. ಇಷ್ಟು ದಿನ ಬಯಸಿದ್ದು ಇದನ್ನೇ, ಆದರೆ ಹೀಗಲ್ಲ. ತಳ ಮುಟ್ಟಿದೆ, ಕಲ್ಲು ಸರಿಸಿದೆ, ಕೆಸರು ಹಿಡಿದು ತಂದು ಬಂಡೆಯ ಮೇಲೆ ಸುರಿದೆ. ಬರೀ ಕಪ್ಪೆಚಿಪ್ಪು. ಮತ್ತೆ ಮುಳುಗಿದೆ. ಒಮ್ಮೆ ಮೇಲೆ ಬಂದಾಗ ಯಜಮಾನರು ದಡದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಮುಖದಲ್ಲಿ ಏನಿತ್ತೋ ತಿಳಿಯಲಿಲ್ಲ. ನನಗೆ ನಾಚಿಕೆಪಡುವಷ್ಟೂ ಪುರಸೊತ್ತಿರಲಿಲ್ಲ.

ಬಿಸಿಲು ಇಳಿಯಿತು, ಲಿಂಗ ಸಿಗಲಿಲ್ಲ. ಅವರು ಮರದ ಬುಡದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಬೆಳಿಗ್ಗೆ ಗಂಟು ಹೊತ್ತು ಗುಡ್ಡ ಹತ್ತಿದ್ದು, ಆಮೇಲೆ ಈಜಿದ್ದು, ಆಮೇಲೆ ಆ ಬಿಸಿಲು. ತುಟಿ ಒಡೆದು ಬಿಳಿಚಿಕೊಂಡಿತ್ತು. ಸುತ್ತಲೂ ಹೊಳೆ ಹರಿಯುತ್ತಿದೆ, ನಡುವೆ ಗಂಡ ಬಾಯಾರಿ ಕೂತಿದ್ದಾನೆ. ನನಗೆ ಅಳು ಬಂತು.

“ಒಂದ್ ಗುಟುಕು ಕುಡೀರಿ, ದೇವರು ಏನೂ ಅಂದ್ಕಳ್ಳಂಗಿಲ್ಲ” ಎಂದೆ.

ಇಲ್ಲ ಎಂದು ತಲೆಯಾಡಿಸಿದರು.

“ನಿಮ್ಮವ್ವಗೆ ಏನಂತ ಹೇಳಾದು?”

“ಹೇಳಾದೇನು ಬಂತು. ಬಾಗಿಲಾಗೆ ಕಾಲಿಟ್ಟ ಕೂಡ್ಲೆ ಆಕಿ ಕೈ ನನ್ನ ಎದಿಗೇ ಬರ್ತೈತೆ. ಸಣ್ಣವನಿದ್ದಾಗ್ಲಿಂದ್ಲೂ ಹಂಗೇ, ಲಿಂಗ ಐತೋ ಇಲ್ಲೋ ಮುಟ್ಟಿ ನೋಡ್ತಾಳೆ.” ಕಣ್ಣು ತೆರೆದು ಹೊಳೆಯ ಕಡೆ ನೋಡಿ, “ಇನ್ ನಿನ್ನ ಇಲ್ಲಿಗೆ ಕಳ್ಸಂಗಿಲ್ಲ ಆಕಿ” ಎಂದರು. ಬಾಯಾರಿಕೆಯಲ್ಲಿ ಸಾಯುತ್ತಿರುವವರಿಗೆ ನನ್ನ ತವರಿನ ಯೋಚನೆ! ವರ್ಷವೆಲ್ಲ ಬೀಗ ಹಾಕಿಕೊಂಡಿದ್ದ ಮನಸ್ಸು ಒಂದು ಮಾತಿನಲ್ಲಿ ನನಗೆ ಕಂಡಿತು.

ನಾನು ಎದ್ದೆ. “ಅಪ್ಪ, ನಾನು ಹೊಳೆ ದಾಟಿ ಊರಿಗೆ ಹೋಗ್ತೀನಿ. ಅಯ್ಯನೋರನ್ನೂ ಹರಿಗೋಲನ್ನೂ ಕರ್ಕಂಡು ಬರ್ತೀನಿ. ಇನ್ನೂ ಬೆಳಕೈತೆ” ಎಂದೆ.

ಅಪ್ಪ ತಾನು ಹೋಗುತ್ತೇನೆಂದ. ಅವನಿಗೆ ನೆಟ್ಟಗೆ ನಿಲ್ಲುವುದೇ ಕಷ್ಟವಾಗಿತ್ತು. ಬೇಡ ಎನ್ನುವವಳೆಂದರೆ ಅವ್ವ. ನಾನು ಅವಳ ಮುಖ ನೋಡಿದೆ. ಅವಳು ಅಳಿಯನನ್ನು ನೋಡಿದಳು, ಹೊಳೆಯನ್ನು ನೋಡಿದಳು. “ಹೋಗು. ಆದ್ರೆ ಬುರುಡೆ ಕಟ್ಕಂಡು ಹೋಗು” ಎಂದಳು.

“ನನಗೆ ಬುರುಡೆನಾ?” ಎಂದೆ. ಹಲ್ಲು ಬೀಳುವ ವಯಸ್ಸಿಗೇ ಬುರುಡೆ ಬಿಸಾಕಿ ಹೊಳೆಯ ಆಚೆ ದಡ ಮುಟ್ಟಿದವಳು ನಾನು. ಅವಮಾನವಾದಂತಾಯಿತು.

“ಮಧ್ಯಾಹ್ನದಿಂದ ಮುಳುಗಿ ಮುಳುಗಿ ತೋಳು ಸೋತಿದಾವೆ. ಹೊಟ್ಟಿಗೆ ಹಿಟ್ಟಿಲ್ಲ. ಕಟ್ಕಂಡ್ರೆ ಹೋಗು, ಇಲ್ಲಾಂದ್ರೆ ಕುಂದ್ರು.”

ವಾದ ಮಾಡಲು ಹೊತ್ತಿರಲಿಲ್ಲ. ಸಿಟ್ಟಿನಿಂದಲೇ ಮರದ ಹತ್ತಿರ ಹೋಗಿ ಕೊಂಬೆಯ ಮೇಲಿನ ಹಗ್ಗ ಹಿಡಿದು ಎಳೆದೆ. ಬುರುಡೆಗಳು ಒಂದಕ್ಕೊಂದು ಬಡಿದುಕೊಂಡು ಕೈಗೆ ಬಂದವು. ಬೆನ್ನಿಗೆ ಕಟ್ಟಲು ಹಗ್ಗ ಸಡಿಲಿಸಿದೆ. ಎರಡು ಬುರುಡೆಗಳ ನಡುವಿನ ಇಕ್ಕಟ್ಟಿನಲ್ಲಿ ಏನೋ ಸಣ್ಣ ಗಂಟು ಬೆರಳಿಗೆ ತಾಗಿತು. ಬುರುಡೆಯದ್ದೇ ಬಣ್ಣಕ್ಕೆ ತಿರುಗಿದ, ಕೆಸರು ಹಿಡಿದ ಬಟ್ಟೆ. ಹರಿದ ಶಿವದಾರ ಹಗ್ಗದ ಗಂಟಿಗೆ ಸುತ್ತಿಕೊಂಡಿತ್ತು. ಈಜುವಾಗ ಲಿಂಗ ಬೆನ್ನ ಕಡೆ ಜಾರಿ ಬುರುಡೆಗಳ ಸಂದಿಗೆ ಸೇರಿದೆ. ಅಪ್ಪ ಹಗ್ಗ ಬಿಚ್ಚುವಾಗ ದಾರ ಹರಿದು ಅದರ ಜೊತೆಗೇ ಹೋಗಿದೆ. ನಾವು ಮಧ್ಯಾಹ್ನದಿಂದ ಹೊಳೆ ಜಾಲಾಡುತ್ತಿದ್ದರೆ, ಅದು ಅವರು ಕೂತಿದ್ದ ಮರದಲ್ಲೇ, ಅವರ ತಲೆಯ ಮೇಲೆಯೇ ತೂಗುತ್ತಿತ್ತು.

ಬುರುಡೆಯನ್ನು ಹಾಗೇ ತಂದು ಅವರ ಮುಂದೆ ಇಟ್ಟೆ. ಅವರು ಬಟ್ಟೆ ಬಿಚ್ಚಿ ನೋಡಿದರು. ಎರಡು ಕಣ್ಣಿಗೂ ಒತ್ತಿಕೊಂಡರು. ಅಪ್ಪ ಮರಳಿನ ಮೇಲೆ ಅಂಗಾತ ಬಿದ್ದು ಮಗುವಿನ ಹಾಗೆ ಅತ್ತ, ಅಳುತ್ತ ಅಳುತ್ತ ನಗಲು ಶುರು ಮಾಡಿದ. ಅವ್ವ ಯಾರನ್ನು ಬೈಯಬೇಕೆಂದು ತಿಳಿಯದೆ ಬುರುಡೆಯನ್ನೇ ಬೈದಳು. ಆ ಹೊತ್ತಿನಲ್ಲಿ ನನ್ನ ಎದೆಯ ಮೇಲಿಂದ ಇಳಿದ ಭಾರ ಎಷ್ಟೆಂದರೆ, ಇವತ್ತು ನೆನೆದರೂ ಉಸಿರು ಹಗುರವಾಗುತ್ತದೆ.

ಅವ್ವ ದೀಪಕ್ಕೆಂದು ತಂದಿದ್ದ ಹತ್ತಿಯಲ್ಲೇ ಎಳೆ ತೆಗೆದು, ಹುರಿ ಮಾಡಿ ಹೊಸ ಶಿವದಾರ ಮಾಡಿಕೊಟ್ಟಳು. ಅವರು ಪೂಜೆ ಮುಗಿಸಿ ಮೊದಲು ನೀರು ಕುಡಿದರು. ಗಟಗಟ ಎಂದು ಕುಡಿಯುವುದನ್ನು ನಾವು ಮೂವರೂ ಸುತ್ತ ನಿಂತು ನೋಡಿದೆವು. ಹುಗ್ಗಿ ಆರಿ ಗಟ್ಟಿಯಾಗಿ ಸೌಟಿಗೆ ಬಗ್ಗುತ್ತಿರಲಿಲ್ಲ. ರೊಟ್ಟಿ ಕಟಕಟ ಎನ್ನುತ್ತಿದ್ದವು. ಅಂಥ ಊಟ ನಾನು ಮತ್ತೆ ಉಂಡಿಲ್ಲ. ಅಪ್ಪ ಹುಗ್ಗಿಯನ್ನು ಕೈಯಲ್ಲೇ ಮುರಿದು ಮುರಿದು ಅಳಿಯನ ಎಲೆಗೆ ಹಾಕಿದ. ಕತ್ತಲಾಗುವ ಹೊತ್ತಿಗೆ ಕಲ್ಲಂಗಡಿ ಒಡೆದು ತಿಂದು ಬೀಜ ಉಗುಳುತ್ತ ಕೂತೆವು.

ಮರುದಿನ ಹರಿಗೋಲಿನಲ್ಲಿ ವಾಪಸು ಬರುವಾಗ ಅವರು ನನ್ನ ಕಡೆ ನೋಡದೆ ಕೇಳಿದರು: “ಎಲ್ಲಿ ಕಲ್ತೆ?”

“ಇಲ್ಲೇ.”

ಅಷ್ಟೇ. ಮುಂದೆ ಕಂದಾಯ ಕಟ್ಟಲು ಮನಸ್ಸಾಗಲಿಲ್ಲವೇನೋ. ಜಗಳೂರಿಗೆ ಮರಳುವ ದಾರಿಯಲ್ಲಿ ನನಗೆ ಹೊಸ ಪುಕಪುಕ ಶುರುವಾಯಿತು. ಲಿಂಗವೇನೋ ಸಿಕ್ಕಿತು. ಹೆಂಡತಿ ಕಚ್ಚೆ ಕಟ್ಟಿ ಮಡುವಿಗೆ ಹಾರಿದ್ದನ್ನು ಅತ್ತೆಗೆ ಹೇಳಿಬಿಟ್ಟರೆ?

ಬಾಗಿಲಲ್ಲಿ ಅತ್ತೆಯ ಕೈ ಮೊದಲು ಮಗನ ಎದೆಗೇ ಹೋಯಿತು. ಮುಟ್ಟಿದರು, ನೆಮ್ಮದಿಯಾಯಿತು. ಆಮೇಲೆ ಬೆರಳು ದಾರದ ಮೇಲೆ ನಿಂತಿತು.

“ದಾರ ಹೊಸದೈತಲ್ಲೋ?”

“ಹಳೇದು ಹರೀತು. ಇವರವ್ವ ಮಾಡಿಕೊಟ್ರು” ಎಂದರು. ಸುಳ್ಳೇನಲ್ಲ.

“ಏನೇನ್ ಮಾಡಿದ್ರಿ ಅಲ್ಲಿ?”

“ಹುಗ್ಗಿ ಉಂಡ್ವಿ. ಬರೋ ಬ್ಯಾಸಿಗಿಗೂ ಹೋಗಾನ ಅಂತ ಮಾಡೀವಿ.” ಇಷ್ಟು ಹೇಳಿ ಎತ್ತುಗಳನ್ನು ನೋಡಲು ಹಿತ್ತಲಿಗೆ ಹೋದರು. ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಕರ್ರಗಾಗಿ ಬಂದೀಯಲ್ಲೇ” ಎಂದು ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಮಜ್ಜಿಗೆ ಗಂಟಲಲ್ಲಿ ಇಳಿಯುವಾಗ ಬದುಕಿದೆ ಅನ್ನಿಸಿತು.

ಆ ವರ್ಷ ಜಗಳೂರಿಗೂ ಮಳೆ ಚೆನ್ನಾಗಿ ಬಂತು. ಚನ್ನಗಿರಿ ಕಡೆಯವರು ಬಿದ್ದು ನಗಬಹುದಾದಷ್ಟು ಮಳೆ, ಆದರೆ ನಮಗೆ ಅದೇ ಹೆಚ್ಚು. ಒಂದು ಮಧ್ಯಾಹ್ನ ಹೊಲಕ್ಕೆ ಬುತ್ತಿ ಒಯ್ದಾಗ ಯಜಮಾನರು ಉಣ್ಣಲು ಕೂರಲಿಲ್ಲ. “ಬಾ ಇಲ್ಲಿ” ಎಂದು ಎತ್ತು ಹೂಡಿ ನೀರೆತ್ತುವ ಕಪಿಲೆ ಬಾವಿಯ ಹತ್ತಿರ ಕರೆದರು. ಎತ್ತು ಬಿಚ್ಚಿದ್ದರು. ಬಾವಿಯಲ್ಲಿ ನಾನು ಎಂದೂ ಕಾಣದಷ್ಟು ನೀರು, ಮೇಲಿನ ಮೆಟ್ಟಿಲುಗಳವರೆಗೆ ಬಂದು ನಿಂತಿತ್ತು. ನಾನು ನೀರನ್ನೂ ನೋಡಿದೆ, ಅವರನ್ನೂ ನೋಡಿದೆ.

ಅವರು ಹೊಲದ ದಾರಿ ಕಾಣುವ ಹಾಗೆ, ಬಾವಿಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತರು. ಅತ್ತ ತಿರುಗಿಕೊಂಡೇ ಕೇಳಿದರು:

“ಲಿಂಗ ರಟ್ಟಿಗೆ ಬಿಗಿಯಾಗಿ ಕಟ್ಕಂಡ್ಯಾ?”

“ಹೂಂ” ಎಂದೆ, ಕಟ್ಟಿಕೊಳ್ಳುತ್ತ.

“ಹಂಗಾರೆ ಇಳಿ. ಯಾರೂ ಬರದಂಗೆ ನಾನು ನೋಡ್ಕಂತೀನಿ.”